ಲೀನಿಯರ್ ಆಲ್ಜೀಬ್ರಾ ತರಗತಿಯ ಬಾಗಿಲು ಕಾಯುವ ಹಾಜರಿ ಯಂತ್ರಕ್ಕೆ

ಮಾನ್ಯರೇ,

ಗೋಡೆಗೆ ಸ್ಕ್ರೂಗಳ ಆಸರೆಯಲ್ಲಿ ನಿಂತು, ಬಂದುಹೋಗುವವರೆಲ್ಲರ ಮುಖವನ್ನು ರೆಪ್ಪೆ ಬಡಿಯದೆ ನೋಡುವ ತಮಗೆ, ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂ ಶಾಖೆಯಲ್ಲಿ ಬ್ಯಾಂಕ್ ಗುಮಾಸ್ತೆಯಾಗಿರುವ ಗಿರಿಜಾ ರಮಾಕಾಂತ ಮಾಡುವ ನಮಸ್ಕಾರಗಳು. ತಮ್ಮ ಕ್ಯಾಮೆರಾ ಕ್ಷೇಮವೆಂದೂ, ತಮ್ಮ ಕೆಂಪು ದೀಪ ಎಂದಿನಂತೆ ಉಜ್ವಲವಾಗಿ ಉರಿಯುತ್ತಿದೆಯೆಂದೂ ನಂಬಿದ್ದೇನೆ. ನಾನು ಯಾರೆಂದು ತಮಗೆ ತಿಳಿಯದು. ತಿಳಿಯದಿರುವುದೇ ಈ ಪತ್ರದ ವಿಷಯ.

ಗದಗಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ ನನಗೆ ಬ್ಯಾಂಕಿನ ಕೆಲಸ ಸಿಕ್ಕಿತು, ಕೆಲಸ ಸಿಕ್ಕಿದ ಸಂಭ್ರಮದಲ್ಲಿ ಓದು ಅರ್ಧಕ್ಕೆ ನಿಂತಿತು. ಗಣಿತದ ಮೇಲಿನ ಆಸೆ ಮಾತ್ರ ನಿಲ್ಲಲಿಲ್ಲ. ಆಮೇಲೆ ಬ್ಯಾಂಕು ನನ್ನನ್ನು ಊರಿಂದೂರಿಗೆ ಕಳಿಸುತ್ತ ಕಳಿಸುತ್ತ ಕೊನೆಗೆ ವಿಶಾಖಪಟ್ಟಣದ ಮಧುರವಾಡಕ್ಕೆ ಹಾಕಿದಾಗ, ಶಾಖೆಯ ಎದುರಿನ ರಸ್ತೆಯಲ್ಲೇ ತಮ್ಮ ಕಾಲೇಜಿನ ಬೋರ್ಡು ಕಂಡಿತು: ಕೆಲಸದಲ್ಲಿರುವವರಿಗೆ ಭಾನುವಾರದ ಬಿ.ಎಸ್ಸಿ. ತಲೆಗೂದಲು ಅಲ್ಲಲ್ಲಿ ಬೆಳ್ಳಗಾದ ಮೇಲೆ ನಾನು ಹೋಗಿ ಹೆಸರು ಬರೆಸಿದೆ. ಒಂದೊಂದೇ ವಿಷಯ ದಾಟಿ ಕೊನೆಯ ಸೆಮಿಸ್ಟರಿಗೆ ಬಂದಾಗ ಉಳಿದದ್ದು ಒಂದೇ ಒಂದು, ಲೀನಿಯರ್ ಆಲ್ಜೀಬ್ರಾ. ಇದೇ ವರ್ಷ ಮುಗಿಸಬೇಕಿತ್ತು, ಏಕೆಂದರೆ ಮುಂದಿನ ವರ್ಷದಿಂದ ಭಾನುವಾರದ ತರಗತಿಗಳನ್ನೇ ಮುಚ್ಚುವುದಾಗಿ ಕಾಲೇಜು ಮೊದಲೇ ತಿಳಿಸಿತ್ತು. ಸರಿಯಾಗಿ ಆ ಸೆಮಿಸ್ಟರಿನ ಆರಂಭದಲ್ಲೇ ತಾವು ಸಿ ಬ್ಲಾಕಿನ ಬಾಗಿಲಿಗೆ ಆಗಮಿಸಿದಿರಿ. ಇನ್ನು ಮುಂದೆ ತಾವು ಹಾಕಿದ ಹಾಜರಿಯೇ ಹಾಜರಿ, ಮೇಷ್ಟರು ಕೂಗಿ ಕರೆದದ್ದು ಲೆಕ್ಕಕ್ಕಿಲ್ಲ ಎಂದು ಸುತ್ತೋಲೆ ಬಂತು.

ತಮಗೆ ವಿದ್ಯಾರ್ಥಿಗಳ ಮುಖ ಪರಿಚಯಿಸಲೆಂದು ಫೋಟೋ ತೆಗೆದ ದಿನ ನಾನೂ ಸಾಲಿನಲ್ಲಿದ್ದೆ. ಕ್ಯಾಮೆರಾ ಹಿಡಿದಿದ್ದ ಯುವಕ ಬಹಳ ಸಭ್ಯನಾಗಿ, "ಆಂಟೀ, ಕೊಂಚೆಂ ಪಕ್ಕಕು ಜರಗಂಡಿ, ಸ್ಟೂಡೆಂಟ್ಸ್ ಫೋಟೋ ತೀಸ್ತುನ್ನಾಂ" ಎಂದ. ಮಗಳನ್ನು ಬಿಡಲು ಬಂದ ತಾಯಿಯೆಂದು ತಿಳಿದು ನನ್ನನ್ನು ಪಕ್ಕಕ್ಕೆ ಸರಿಯಲು ಹೇಳಿದ್ದ. ನಾನೂ ಸಭ್ಯಳಾಗಿ ಸರಿದೆ, ಆಮೇಲೆ ಗುರುತಿನ ಚೀಟಿ ತೋರಿಸಿದೆ, ಅವನು ನಾಲಿಗೆ ಕಚ್ಚಿಕೊಂಡು ಎಲ್ಲರ ಫೋಟೋ ಮುಗಿದ ಮೇಲೆ ನನ್ನದೊಂದನ್ನು ತೆಗೆದ. ಆದರೆ ಮುಂದಿನ ಭಾನುವಾರ ನಾನು ತಮ್ಮೆದುರು ನಿಂತಾಗ ತಾವು ಕೆಂಪಾದಿರಿ, ಮತ್ತು ಯಾವುದೋ ಹೆಣ್ಣಿನ ಇಂಪಾದ ದನಿಯಲ್ಲಿ "ವಿಸಿಟರ್, ಪ್ಲೀಸ್ ಕಾಂಟ್ಯಾಕ್ಟ್ ರಿಸೆಪ್ಷನ್" ಎಂದು ಇಡೀ ವರಾಂಡಕ್ಕೆ ಕೇಳುವಂತೆ ಘೋಷಿಸಿದಿರಿ. ಅಷ್ಟು ವಿನಯದಿಂದ ನನ್ನನ್ನು ಯಾರೂ ಹೊರಗೆ ಹಾಕಿರಲಿಲ್ಲ.

ರಿಸೆಪ್ಷನ್ನಿನವರು, "ಫೋಟೋ ಎಕ್ಕಿಂಚಾಂ ಮೇಡಂ, ಸೆಟ್ ಅಯಿಪೋತುಂದಿ" ಎಂದರು. ಫೋಟೋ ಏರಿಸಿದ್ದೇವೆ, ತಾನೇ ಸರಿಹೋಗುತ್ತದೆ ಎಂದು ವಾರವಾರವೂ ಹೇಳಿ ಒಳಗೆ ಬಿಡುತ್ತಿದ್ದ ಅವರ ಮಾತನ್ನು ನಾನು ನಂಬಿದೆ. ಕೌಂಟರಿನ ಹಿಂದೆ ಕೂತು ಅದೇ ಮಾತನ್ನು ಎಷ್ಟೋ ಗಿರಾಕಿಗಳಿಗೆ ಹೇಳಿದ ನಾನೇ ನಂಬಿದೆನೆಂದರೆ ತರಗತಿಯೊಳಗೆ ಹೋಗುವ ಆತುರ ಎಷ್ಟಿತ್ತೆಂದು ತಾವೇ ಊಹಿಸಬಹುದು.

ತರಗತಿಯ ಒಳಗಿನ ಸಂಗತಿ ತಮಗೆ ಬಾಗಿಲಿನಿಂದ ಕಾಣದು, ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಪಾಠ ಮಾಡುವವರು ಕಾಮೇಶ್ವರ ಸರ್, ನಿವೃತ್ತಿಯ ಹೊಸ್ತಿಲಲ್ಲಿರುವ ಸಣ್ಣಗಿನ ಮನುಷ್ಯ, ಡಸ್ಟರ್ ಕೈಯಲ್ಲಿದ್ದರೂ ಬೋರ್ಡನ್ನು ಅಂಗೈಯಲ್ಲೇ ಒರೆಸುವವರು. ಪ್ರತಿ ವಾಕ್ಯದ ಕೊನೆಗೆ "ಅರ್ಥಮೈಂದಾ?" ಎನ್ನುತ್ತಾರೆ. ಇಡೀ ತರಗತಿ ತಲೆಯಾಡಿಸುತ್ತದೆ. ಅರ್ಥವಾದವರು ಅದರಲ್ಲಿ ಎಷ್ಟು ಮಂದಿ ಎಂಬುದನ್ನು ಯಾವ ಗಣಿತವೂ ಹೇಳಲಾರದು. ಮೊದಲ ಕೆಲವು ವಾರ ನನಗೆ ಸುಖವಾಗಿತ್ತು. ಸಂಖ್ಯೆಗಳ ಚೌಕಟ್ಟು ಬರೆದು, ಒಂದು ಸಾಲಿನಿಂದ ಇನ್ನೊಂದು ಸಾಲನ್ನು ಕಳೆದು, ಕೆಳಗೆ ಸೊನ್ನೆಗಳ ಮೆಟ್ಟಿಲು ಕಟ್ಟುವ ಕೆಲಸ ನನಗೆ ಅಕ್ಕಿ ಆರಿಸಿದಷ್ಟು ಹಿತ. ಆಮೇಲೊಂದು ಭಾನುವಾರ ಸರ್ ತಿರುಗಿ ನಿಂತು, ಬಾಣದ ಗುರುತೊಂದೇ ವೆಕ್ಟರ್ ಅಲ್ಲ, ಬಹುಪದವೂ ವೆಕ್ಟರ್, ಫಂಕ್ಷನ್ನೂ ವೆಕ್ಟರ್, ನಿಯಮ ಪಾಲಿಸಿದರೆ ಯಾವುದು ಬೇಕಾದರೂ ವೆಕ್ಟರ್ ಎಂದರು. ಅಲ್ಲಿಯವರೆಗೆ ಕಾಲಿಗೆ ಸಿಗುತ್ತಿದ್ದ ನೆಲ ಆ ದಿನ ಹೊರಟುಹೋಯಿತು. ಮನೆಗೆ ಬಂದು ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ನನ್ನನ್ನು ಹಿಡಿದು ನಿಲ್ಲಿಸಿದವರು ಇಬ್ಬರು ಸಹಪಾಠಿಗಳು. ಪಕ್ಕದ ಬೆಂಚಿನ ಹಿಮಬಿಂದು ಮಧುರವಾಡದ ಐಟಿ ಕಂಪನಿಯೊಂದರಲ್ಲಿ ಗಿರಾಕಿಗಳ ಫೋನು ತೆಗೆದುಕೊಳ್ಳುವ ಹುಡುಗಿ. ಮೊದಲ ದಿನವೇ ನನ್ನ ಕಡೆ ಬಾಗಿ, "ಮೇಡಂ, ನಾನೂ ಕನ್ನಡದವಳೇ ಕದಂಡಿ. ನಮ್ಮಮ್ಮ ಬಳ್ಳಾರಿ, ನಾಯ್ನ ವಿಜಯನಗರಂ. ಕನ್ನಡ ಮಾತಾಡ್ತೀನಿ, ಬರೆಯಕ್ಕೆ ಬರಲ್ಲಂಡಿ" ಎಂದಳು. ಹಿಂದಿನ ಬೆಂಚಿನ ತೇಜ ಇದೇ ಪರೀಕ್ಷೆಯಲ್ಲಿ ಈಗಾಗಲೇ ಬಿದ್ದು ಎದ್ದು ಮತ್ತೆ ಬಿದ್ದವನು. ಕಾರಣ ಕೇಳಿದರೆ, "ನಾಕು ಡಿಟರ್ಮಿನೆಂಟ್ ವಚ್ಚು ಮೇಡಂ, ಡಿಟರ್ಮಿನೇಷನೇ ರಾದು" ಎಂದು ನಕ್ಕ. ಡಿಟರ್ಮಿನೆಂಟ್ ಬರುತ್ತದೆ, ಛಲ ಒಂದೇ ಬರುವುದಿಲ್ಲ ಎಂದು ತನ್ನ ಬಗ್ಗೆ ತಾನೇ ಇಷ್ಟು ಚೊಕ್ಕವಾಗಿ ಹೇಳಬಲ್ಲವನು ಯಾಕೆ ಫೇಲಾಗುತ್ತಾನೆಂದು ನನಗೆ ಇಂದಿಗೂ ತಿಳಿದಿಲ್ಲ. ನಾವು ಮೂವರು ಕ್ಯಾಂಟೀನಿನಲ್ಲಿ ಕೂತು ಪಾಠವನ್ನು ಕನ್ನಡಕ್ಕೂ ತೆಲುಗಿಗೂ ಎಳೆದಾಡುತ್ತಿದ್ದೆವು. ಸ್ಪ್ಯಾನ್ ಎಂದರೇನೆಂದು ನನ್ನ ತಲೆಗೆ ಹೊಕ್ಕದ್ದು ಅಲ್ಲೇ. ಸಮುದ್ರದ ದಂಡೆಯ ರಸ್ತೆಯಲ್ಲಿ ಭೀಮಿಲಿಗೆ ಹೋಗಿ ಬರುವ ಬಸ್ಸೊಂದೇ ಇದೆ ಎಂದುಕೊಳ್ಳಿ, ಅದರಲ್ಲಿ ಎಷ್ಟು ಸಲ ಓಡಾಡಿದರೂ ಸಿಂಹಾಚಲದ ಬೆಟ್ಟ ಮುಟ್ಟಲಾಗದು, ಸಿಂಹಾಚಲ ಆ ಬಸ್ಸಿನ ಸ್ಪ್ಯಾನಿನಲ್ಲಿಲ್ಲ ಎಂದು ತೇಜ ಚಹಾದ ಲೋಟ ಸರಿಸಿ ಸರಿಸಿ ತೋರಿಸಿದ.

ಹೀಗೆ ನೆಲ ಮತ್ತೆ ಕಾಲಿಗೆ ಸಿಗುತ್ತಿರುವಾಗ ಬ್ಯಾಂಕಿನವರು ನನಗೆ ವರ್ಗಾವಣೆಯ ಆದೇಶ ಕೊಟ್ಟರು: ಇಬ್ರಾಹಿಂಪಟ್ನಂ, ತಕ್ಷಣದಿಂದ. ನನ್ನ ಯಜಮಾನರು ರಮಾಕಾಂತ, ಅಪಘಾತವಾದ ವಾಹನಗಳನ್ನು ವಿಮಾ ಕಂಪನಿಗಳ ಪರವಾಗಿ ಪರಿಶೀಲಿಸುವ ಸರ್ವೇಯರ್, ಮುಖ ಅರಳಿಸಿಕೊಂಡು, "ಛಲೋ ಆತು ಬಿಡು. ವಿಜಯವಾಡದ ಆಟೋನಗರ್‌ದಾಗ ನಜ್ಜುಗುಜ್ಜಾದ ಗಾಡಿಗೋಳು ಸಾಲು ಹಚ್ಚಿ ನಿಂತಿರ್ತಾವ, ನನಗ ಕೆಲಸಕ್ಕ ಬರಗಾಲ ಇಲ್ಲ" ಎಂದರು. ನನ್ನ ಕ್ಲಾಸ್ ಎಂದೆ. ಅವರು ಹೋಗಿ ರೈಲಿನ ವೇಳೆ ನೋಡಿಕೊಂಡು ಬಂದರು.

ಅಂದಿನಿಂದ ಪ್ರತಿ ಶನಿವಾರ ಕೌಂಟರ್ ಮುಚ್ಚಿ ರೈಲು ಹತ್ತುವುದು, ಭಾನುವಾರ ಬೆಳಿಗ್ಗೆ ವಿಶಾಖಪಟ್ಟಣದಲ್ಲಿ ಇಳಿದು ನಿಲ್ದಾಣದಲ್ಲೇ ಮುಖ ತೊಳೆದು ಮಧುರವಾಡಕ್ಕೆ ಬಸ್ಸು ಹಿಡಿಯುವುದು, ಸಂಜೆ ಮರಳುವ ರೈಲು ಹಿಡಿಯುವುದು ನನ್ನ ಪಾಡಾಯಿತು. ಮೇಲಿನ ಬರ್ತಿನಲ್ಲಿ ಕಾಲು ಮಡಚಿ ಕೂತು ಮ್ಯಾಟ್ರಿಕ್ಸ್ ಬಿಡಿಸುತ್ತಿದ್ದರೆ ಕೆಳಗಿನ ಹಿರಿಯರೊಬ್ಬರು ಇದು ಯಾವ ಪತ್ರಿಕೆಯ ಸುಡೋಕು ಎಂದು ಕೇಳಿದರು. ಲೀನಿಯರ್ ಆಲ್ಜೀಬ್ರಾ ಎಂದೆ. ಅವರು ಮುಂದಿನ ಸ್ಟೇಷನ್ನಿನವರೆಗೂ ನನ್ನನ್ನು ಬಹಳ ಕರುಣೆಯಿಂದ ನೋಡಿದರು. ಇಷ್ಟೆಲ್ಲ ದಾಟಿ ಬಂದವಳನ್ನು ಸಿ ಬ್ಲಾಕಿನ ಬಾಗಿಲಲ್ಲಿ ತಾವು ತಪ್ಪದೆ, ಒಂದು ವಾರವೂ ಬೇಸರಿಸದೆ, ಅದೇ ಇಂಪಾದ ದನಿಯಲ್ಲಿ ವಿಸಿಟರ್ ಎಂದು ಸ್ವಾಗತಿಸಿದಿರಿ. ಅಷ್ಟು ದೂರದಿಂದ ಬಂದವಳು ಎಂಬ ಅರ್ಥದಲ್ಲಾದರೆ ಅದೂ ಸರಿಯೇ.

ಪರೀಕ್ಷೆಗೆ ಮುಂಚಿನ ಭಾನುವಾರ ನೋಟಿಸ್ ಬೋರ್ಡಿನಲ್ಲಿ ಪರೀಕ್ಷೆ ಬರೆಯಲು ಅರ್ಹರಲ್ಲದವರ ಹೆಸರುಗಳನ್ನು ಹಾಕಿದ್ದರು. ನನ್ನದು ಎಲ್ಲಕ್ಕಿಂತ ಮೇಲೆ. ನನ್ನ ಹಾಜರಿ ಸೊನ್ನೆ. ಒಂದೂ ತರಗತಿ ತಪ್ಪಿಸದವಳು ನಾನೊಬ್ಬಳೇ, ಒಂದೂ ತರಗತಿಗೆ ಬಾರದವಳೂ ನಾನೊಬ್ಬಳೇ. ಕಚೇರಿಗೆ ಓಡಿದೆ. ಗುಮಾಸ್ತರು ಪರದೆಯನ್ನು ನನ್ನ ಕಡೆ ತಿರುಗಿಸಿ, "ಸಿಸ್ಟಮ್‌ಲೋ ಮೀ ಅಟೆಂಡೆನ್ಸ್ ಲೇದಮ್ಮಾ" ಎಂದರು. ಕಾಮೇಶ್ವರ ಸರ್ ಬಂದು, ಅಭ್ಯಾಸಕ್ಕೆ ಕೂಗಿ ಬರೆದ ಹಾಜರಿ ಪುಸ್ತಕ ತೋರಿಸಿ, ಈಕೆ ಪ್ರತಿ ಭಾನುವಾರ ಮುಂದಿನ ಬೆಂಚಿನಲ್ಲೇ ಇರುತ್ತಾರೆಂದು ಎದೆ ಮುಟ್ಟಿಕೊಂಡು ಹೇಳಿದರು. ಸರ್, ತಾವು ಹೇಳುವುದು ನಿಜ, ಆದರೆ ಸಿಸ್ಟಮ್‌ನಲ್ಲಿ ಇಲ್ಲ ಎಂಬುದೇ ಗುಮಾಸ್ತರ ಉತ್ತರ. ಬಹಳ ಒತ್ತಾಯಿಸಿದ ಮೇಲೆ, ಮುಂದಿನ ಬುಧವಾರ ವೈಸ್ ಪ್ರಿನ್ಸಿಪಾಲರ ಎದುರು ಹೇಳಿಕೊಳ್ಳಿ ಎಂದು ಒಂದು ಅವಕಾಶ ಕೊಟ್ಟರು.

ಸಿ ಬ್ಲಾಕಿನ ಹಿಂದಿನ ಮೆಟ್ಟಿಲಲ್ಲಿ ಕೂತು ನಾನು ಯಜಮಾನರಿಗೆ ಫೋನು ಮಾಡಿ, "ಸಾಕಾತ್ರೀ ನನಗ. ಬಿಟ್ಟಬಿಡ್ತೇನಿ" ಎಂದೆ. ಆ ಕಡೆ ಆಟೋನಗರದ ಸುತ್ತಿಗೆ ಸದ್ದು ಕೇಳುತ್ತಿತ್ತು. ಅವರು ಸಮಾಧಾನ ಹೇಳುತ್ತಾರೆಂದುಕೊಂಡಿದ್ದೆ, ಹೇಳಲಿಲ್ಲ. "ಗಾಡಿ ಗುದ್ದೇದ ಅಂದಕೂಡ್ಲೇ ನಾವೇನ್ ಡ್ರೈವರ್‌ನ ಮಾರಿ ನೋಡ್ಕೋತ ಕುಂಡ್ರಂಗಿಲ್ಲ" ಎಂದರು. "ಎಲ್ಲಿ ಬಡದದ, ಎಷ್ಟು ಒಳಗ ಹೋಗೇದ, ಬಗ್ಗಿ ನೋಡ್ತೇವಿ. ನೀನೂ ಆ ಮಷೀನ್ ಎಲ್ಲಿ ಎಡವೇದ ನೋಡು. ಅಳೂದು ಆಮ್ಯಾಗ." ಅವರ ಮೇಲೆ ನನಗೆ ವಿಪರೀತ ಸಿಟ್ಟು ಬಂತು. ಸಿಟ್ಟಿನಲ್ಲೇ ಎದ್ದು ಕ್ಯಾಂಟೀನಿಗೆ ಹೋದೆ.

ಅಲ್ಲಿ ತೇಜ ತಮ್ಮ ಜಾತಕ ಬಿಚ್ಚಿಟ್ಟ. ತಮ್ಮನ್ನು ಕಟ್ಟಿದವರು ಇದೇ ಕಾಲೇಜಿನ ಕಂಪ್ಯೂಟರ್ ವಿಭಾಗದ ವಿದ್ಯಾರ್ಥಿಗಳು, ಅವನ ಗೆಳೆಯರೇ, ಪ್ರಾಜೆಕ್ಟಿಗಾಗಿ ಒಂದು ಹಳೆಯ ವಿಧಾನದಲ್ಲಿ ಕಟ್ಟಿದ್ದಂತೆ. ಚಹಾಕ್ಕೆಂದು ಬಂದಿದ್ದ ಕಾಮೇಶ್ವರ ಸರ್ ಅದನ್ನು ಕೇಳಿದವರೇ ಕುರ್ಚಿ ಎಳೆದುಕೊಂಡು ಕೂತು, ಆ ವಿಧಾನ ನಿಮ್ಮ ಕೊನೆಯ ಅಧ್ಯಾಯದಲ್ಲೇ ಇದೆಯಲ್ಲ, ಯಾರೂ ಅಲ್ಲಿಯವರೆಗೆ ಓದಲಿಲ್ಲವೇ ಎಂದರು. ನಾವು ಮೂವರೂ ತಲೆಯಾಡಿಸಿದೆವು, ಅಭ್ಯಾಸಬಲ.

ಕ್ಷಮಿಸಿ, ತಮ್ಮ ಒಳಗುಟ್ಟನ್ನು ಇಲ್ಲಿ ಬಹಿರಂಗವಾಗಿ ಹೇಳಬೇಕಾಗಿದೆ. ತಮಗೆ ಮುಖವೆಂದರೆ ಕಣ್ಣು ಮೂಗಲ್ಲ, ಉದ್ದನೆಯ ಸಂಖ್ಯೆಗಳ ಸಾಲು, ಅಂದರೆ ಒಂದು ವೆಕ್ಟರ್. ತಾವು ಕಲಿತ ಮುಖಗಳೆಲ್ಲವನ್ನೂ ಬೆರೆಸಿ, ಅವು ಒಂದರಿಂದೊಂದು ಮುಖ್ಯವಾಗಿ ಯಾವ ಯಾವ ದಿಕ್ಕಿನಲ್ಲಿ ಬೇರೆಯಾಗುತ್ತವೋ ಆ ಕೆಲವೇ ದಿಕ್ಕುಗಳನ್ನು ಇಟ್ಟುಕೊಂಡಿದ್ದೀರಿ, ಅವನ್ನೇ ನಮ್ಮ ಪುಸ್ತಕ ಐಗನ್‌ವೆಕ್ಟರ್ ಎನ್ನುತ್ತದೆ. ಎದುರಿಗೆ ಬಂದ ಮುಖವನ್ನು ಆ ದಿಕ್ಕುಗಳಲ್ಲಿ ಅಳೆದು, ಅಳತೆಗೆ ಸಿಗದೆ ಉಳಿದದ್ದು ಸ್ವಲ್ಪವಾದರೆ ವಿದ್ಯಾರ್ಥಿ ಎನ್ನುತ್ತೀರಿ, ಹೆಚ್ಚಾದರೆ ವಿಸಿಟರ್. ತಾವು ಕಲಿತ ಮುಖಗಳೋ ಇಪ್ಪತ್ತರ ಆಸುಪಾಸಿನವು, ನುಣುಪಾದವು. ನನ್ನ ಕೆನ್ನೆಯ ಗೆರೆ, ಕಣ್ಣಿನ ಕೆಳಗಿನ ಕಪ್ಪು, ಓದುವ ಕನ್ನಡಕ, ಹಣೆಯ ಮೇಲಿನ ಬಿಳಿ ಕೂದಲು ಇವು ಯಾವುವೂ ಆ ದಿಕ್ಕುಗಳಲ್ಲಿ ಇರಲೇ ಇಲ್ಲ, ಕೊನೆಗೆ ಸೇರಿದ ನನ್ನ ಒಂದೇ ಫೋಟೋದಿಂದ ಹೊಸ ದಿಕ್ಕು ಹುಟ್ಟುವಂತೆಯೂ ಇರಲಿಲ್ಲ. ಕಂಪ್ಯೂಟರ್ ಲ್ಯಾಬಿನಲ್ಲಿ ಹಿಮಬಿಂದು ತೇಜನ ಗೆಳೆಯರ ಪ್ರೋಗ್ರಾಂ ಹಿಡಿದು ನನ್ನ ಫೋಟೋದಿಂದ ಆ ಉಳಿಕೆಯನ್ನು ಬೇರೆ ಮಾಡಿ ಪರದೆಯ ಮೇಲೆ ಹಾಕಿದಳು. ಮಸುಕಾದ ಬೂದು ಚಿತ್ರದಲ್ಲಿ ಗೆರೆಗಳು, ಕನ್ನಡಕದ ಅಂಚು, ಬೈತಲೆಯ ಬಿಳುಪು. ನನ್ನ ವಯಸ್ಸೆಲ್ಲ ಅಲ್ಲೇ ಇತ್ತು. ಹುಡುಗಿ ಪರದೆಯನ್ನೂ ನನ್ನನ್ನೂ ನೋಡಿ, "ಚೆನ್ನಾಗೇ ಇದೀರಂಡಿ" ಎಂದಳು. ನನಗೆ ನಗು ಬಂದುಬಿಟ್ಟಿತು. ಇಡೀ ಸೆಮಿಸ್ಟರಿನಲ್ಲಿ ಪಾಠ ಪೂರ್ತಿಯಾಗಿ ಅರ್ಥವಾದದ್ದು ಆ ಕ್ಷಣದಲ್ಲಿ.

ಬುಧವಾರ ರಜೆ ಹಾಕಿ ಹೋದೆ, ತೇಜನೂ ಹಿಮಬಿಂದುವೂ ಬಂದು ಹಿಂದೆ ಕೂತರು. ವೈಸ್ ಪ್ರಿನ್ಸಿಪಾಲರಾದ ಸೀತಾಮಹಾಲಕ್ಷ್ಮಿ ಮೇಡಂ ರಸಾಯನಶಾಸ್ತ್ರದವರು, ನಗುವುದು ಅಪರೂಪ. ಪಕ್ಕದಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ತಮ್ಮ ವಕೀಲರಂತೆ ಕೂತಿದ್ದರು. ನಾನು ಬೋರ್ಡಿನ ಮೇಲೆ ಒಂದು ಗೆರೆ ಎಳೆದೆ, ಗೆರೆಯ ಹೊರಗೆ ಒಂದು ಚುಕ್ಕೆ ಇಟ್ಟೆ, ಚುಕ್ಕೆಯಿಂದ ಗೆರೆಗೆ ನೇರ ಲಂಬ ಇಳಿಸಿದೆ. ಗೆರೆ ಯಂತ್ರಕ್ಕೆ ಗೊತ್ತಿರುವ ಮುಖಗಳು, ಚುಕ್ಕೆ ನಾನು, ಈ ಲಂಬದ ಉದ್ದವೇ ನನ್ನ ಅಪರಾಧ ಎಂದೆ. ಅವಸರದಲ್ಲಿ ಮುಂದಿನ ಸಾಲಿನಲ್ಲಿ ಚಿಹ್ನೆ ತಪ್ಪು ಬರೆದೆ. ಹಿಂದಿನಿಂದ ತೇಜ ಕೆಮ್ಮಿದ, ತಿದ್ದಿಕೊಂಡೆ. ಯಂತ್ರ ಹೆಚ್ಚುಕಡಿಮೆ ಎಲ್ಲರನ್ನೂ ಸರಿಯಾಗಿ ಗುರುತಿಸುತ್ತದೆ, ಮಿಗುವುದು ತೀರಾ ಅಲ್ಪ ಎಂದು ಮುಖ್ಯಸ್ಥರು ಹೇಳಿದ್ದೇ ತಡ, ತೇಜ ಎದ್ದು ನಿಂತು, "ಆ ಮಿಗಿಲಿಂದಿ ಈವಿಡೇ ಸಾರ್" ಎಂದ. ಮಿಕ್ಕಿದ್ದು ಇವರೇ ಎಂದು ನನ್ನ ಕಡೆ ಕೈ ತೋರಿದ.

ಸೀತಾಮಹಾಲಕ್ಷ್ಮಿ ಮೇಡಂ ಬೋರ್ಡನ್ನೇ ನೋಡುತ್ತಿದ್ದರು. ನಮ್ಮಂಥವರ ಮುಖಗಳನ್ನು ಸಾಕಷ್ಟು ಕಲಿಸಿದರೆ ಈ ಲಂಬ ಗಿಡ್ಡವಾಗುತ್ತದೆಯೇ ಎಂದು ಕೇಳಿದರು. ಆಗುತ್ತದೆ ಮೇಡಂ, ಗೆರೆಗೆ ಇನ್ನೊಂದು ದಿಕ್ಕು ಸೇರುತ್ತದೆ ಎಂದೆ. ಅವರು ಕೊರಳಿನ ಸರ ಸರಿಮಾಡಿಕೊಂಡು ಮೆಲ್ಲಗೆ, "ನನ್ನು ಕೂಡಾ ಗುರ್ತುಪಟ್ಟಟ್ಲೇದಮ್ಮಾ" ಎಂದರು. ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟಾಗಿನಿಂದ ತಾವು ಅವರನ್ನೂ ಗುರುತಿಸುತ್ತಿಲ್ಲವಂತೆ. ದೂರಿದರೆ ನಗುತ್ತಾರೆಂದು ಪಕ್ಕದ ಗೇಟಿನಿಂದ ಓಡಾಡುತ್ತಿದ್ದರಂತೆ. ಮುಖ್ಯಸ್ಥರು ನೆಲ ನೋಡಿದರು. ಮೇಡಂ ಪೆನ್ನು ತೆಗೆದು, ಮೇಷ್ಟರು ಕೂಗಿದ ಹಾಜರಿಯೇ ಈ ಸೆಮಿಸ್ಟರಿಗೆ ಹಾಜರಿ ಎಂದು ಬರೆದು ಸಹಿ ಹಾಕಿದರು. ನಾನು ಥ್ಯಾಂಕ್ಸ್ ಹೇಳಲು ಬಾಯಿ ತೆರೆದರೆ, ಬೋರ್ಡ್ ಒರೆಸಿ ಹೋಗಿ ಎಂದರು. ಅಂಗೈಯಲ್ಲೇ ಒರೆಸಿದೆ.

ಪರೀಕ್ಷೆ ಬರೆದೆ. ಒಂದು ಪ್ರಮೇಯ ಅರ್ಧಕ್ಕೆ ಮರೆತುಹೋಗಿ ಉಳಿದರ್ಧವನ್ನು ಧೈರ್ಯದ ಮೇಲೆ ಬರೆದದ್ದನ್ನು ಬಿಟ್ಟರೆ ಪರವಾಗಿಲ್ಲ. ಇಷ್ಟಾದ ಮೇಲೆ ತಮ್ಮಲ್ಲಿ ನನ್ನ ಕೆಲವು ವಿನಂತಿಗಳಿವೆ. ಪ್ರತಿ ಭಾನುವಾರ ತಾವು ನನ್ನ ಮುಖದಿಂದ ಕಳೆದಿಟ್ಟುಕೊಂಡ ಉಳಿಕೆಯನ್ನು ದಯವಿಟ್ಟು ರಿಜಿಸ್ಟರ್ಡ್ ಅಂಚೆಯಲ್ಲಿ ಹಿಂದಿರುಗಿಸಬೇಕು, ಅದನ್ನು ಗಳಿಸಲು ನನಗೆ ಬಹಳ ವರ್ಷ ಹಿಡಿದಿದೆ. ಬಿಡುವಾದಾಗ ಗೋಡೆಯಿಂದ ಇಳಿದು ಬಂದು ಹಿಂದಿನ ಬೆಂಚಿನಲ್ಲಿ ಕೂತು ಕೊನೆಯ ಅಧ್ಯಾಯವನ್ನು ಒಮ್ಮೆ ಕೇಳಬೇಕು, ತಮ್ಮ ಬಗ್ಗೆಯೇ ಇದೆ. ಸಾಧ್ಯವಾದರೆ ಒಂದೇ ಒಂದು ಸಲ ಸೆಮಿಸ್ಟರಿನ ನಡುವೆ ತಮಗೆ ವರ್ಗಾವಣೆಯಾಗಬೇಕು, ಮೇಲಿನ ಬರ್ತ್ ಸಿಗಬೇಕು, ಬೆಳಿಗ್ಗೆ ಇಳಿದ ಮೇಲೆ ತಮ್ಮ ಮುಖ ಹೇಗಿರುತ್ತದೆಂದು ಯಾರಾದರೂ ಅಳೆಯಬೇಕು.

ಫಲಿತಾಂಶ ಬಂದಾಗ ನಾನು ಇಬ್ರಾಹಿಂಪಟ್ನಂ ಶಾಖೆಯ ಪಿಂಚಣಿ ಕೌಂಟರಿನಲ್ಲಿದ್ದೆ. ಹಿಮಬಿಂದುವಿನ ಸಂದೇಶ: ಅವಳಿಗೆ ತರಗತಿಯಲ್ಲೇ ಹೆಚ್ಚು ಅಂಕ, ತೇಜ ಅಂಚಿನಲ್ಲಿ ಪಾಸು, ನಾನು ಎರಡನೇ ದರ್ಜೆಯಲ್ಲಿ ಪಾಸು. ಅಕ್ಷರಗಳು ಮಂಜಾದವು. ಸಾಲಿನ ಮುಂದೆ ನಿಂತಿದ್ದ ಅಜ್ಜಿ ಕೋಟೇಶ್ವರಮ್ಮ, ಅಲ್ಲಿಯ ವಿದ್ಯುತ್ ಸ್ಥಾವರದಲ್ಲಿ ದುಡಿದ ಗಂಡನ ಪಿಂಚಣಿ ತೆಗೆದುಕೊಳ್ಳಲು ಬಂದವರು, "ಏಮೈಂದಮ್ಮಾ, ಏಡುಸ್ತುನ್ನಾವಾ?" ಎಂದರು. ಅಳುತ್ತಿಲ್ಲ, ಡಿಗ್ರಿ ಪಾಸಾದೆ ಎಂದೆ.

"ನುವ್ವಾ, ನೀ ಕೂತುರಾ?"

ಮಗಳಲ್ಲ, ನಾನೇ ಎಂದೆ. ಅಜ್ಜಿ ಗಾಜಿನ ಕಿಂಡಿಯೊಳಗೆ ಎರಡೂ ಕೈ ತೂರಿಸಿ ನನ್ನ ಮುಖವನ್ನು ಗೆರೆ, ಕನ್ನಡಕ ಸಮೇತ ಹಿಡಿದುಕೊಂಡು, ಹಿಂದಿನ ಸಾಲೆಲ್ಲ ಕಾಯುತ್ತಿದ್ದರೂ ಅವಸರವಿಲ್ಲದೆ ನೋಡಿ, ದೃಷ್ಟಿ ತೆಗೆದು ನೆಟಿಕೆ ಮುರಿದರು. ಆ ಸಂಗತಿಯನ್ನು ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯವೆಂದು ಭಾವಿಸಿ ಇದನ್ನು ಬರೆದಿದ್ದೇನೆ.

ಎಷ್ಟು ಸಲ ನೋಡಿದರೂ ತಮಗೆ ಹೊಸಬಳಾಗಿಯೇ ಉಳಿದ,
ತಮ್ಮ ವಿಶ್ವಾಸಿ,
ಗಿರಿಜಾ ರಮಾಕಾಂತ, ಬಿ.ಎಸ್ಸಿ.

ತಾ.ಕ.: ನಮ್ಮ ಶಾಖೆಗೂ ಕಳೆದ ಸೋಮವಾರ ತಮ್ಮ ಕುಲದವರೊಬ್ಬರು ಬಂದಿದ್ದಾರೆ, ಸಿಬ್ಬಂದಿಯ ಹಾಜರಿಗೆ. ಗಣಿತ ಓದಿದವರು ಶಾಖೆಯಲ್ಲಿ ನಾನೊಬ್ಬಳೇ ಎಂದು ಮ್ಯಾನೇಜರು ಅವರ ಉಸ್ತುವಾರಿಯನ್ನು ನನಗೇ ಒಪ್ಪಿಸಿದ್ದಾರೆ. ಸಂಬಂಧಿಕರ ಬಗ್ಗೆ ಚಿಂತೆ ಬೇಡ, ಚೆನ್ನಾಗಿ ನೋಡಿಕೊಳ್ಳುತ್ತೇನೆ. ಅವರ ಪ್ಲಗ್ಗು ನನ್ನ ಕುರ್ಚಿಯ ಹಿಂದೆಯೇ ಇದೆ.